ಚಲ್ಲಘಟ್ಟದ ಹುಲ್ಲುಹಾಸು ಯಾರ ಪಾಲಿಗೆ?

ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರಲ್ಲಿ ಪ್ರಕಟಿಸಿದ ಜಾಗತೀಕರಣ ಕುರಿತ ಪುಸ್ತಕ ಆರಂಭವಾಗುವುದು ಬೆಂಗಳೂರಿನ ಗಾಲ್ಫ್ ಮೈದಾನದಲ್ಲಿ. ಕರ್ನಾಟಕ ಗಾಲ್ಫ್ ಸಂಸ್ಥೆಯ ಆ ಮೈದಾನದಿಂದ ಕಾಣುತ್ತಿದ್ದ ಬಹುರಾಷ್ಟ್ರೀಯ ಕಂಪನಿಗಳ ಕಟ್ಟಡಗಳು ಹೊಸ ಯುಗದ ಸಂಕೇತಗಳಾದವು. ಆದರೆ ಕಾಲಡಿಯ ನೆಲಕ್ಕೆ ಬೇರೆಯೇ ಕಥೆಯಿದೆ. ಅದು ಒಂದು ಕಾಲಕ್ಕೆ ಚಲ್ಲಘಟ್ಟ ಕೆರೆಯ ಅಂಗಳ.

ಬೆಂಗಳೂರಿಗೆ ಗಾಲ್ಫ್ ಹೊಸತಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಆದರೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಅಥವಾ ಪೀಣ್ಯದ ಸಾಮಾನ್ಯ ನೌಕರನೊಬ್ಬ ಆಡಬಯಸಿದರೆ ಸದಸ್ಯರೊಬ್ಬರ ಅತಿಥಿಯಾಗಬೇಕು, ಇಲ್ಲವೇ ಊರಾಚೆಯ ದುಬಾರಿ ರೆಸಾರ್ಟಿಗೆ ಹೋಗಬೇಕು. ದೆಹಲಿಯಲ್ಲಿ ಹಾಗಿಲ್ಲ, ಅಲ್ಲಿನ ಅಭಿವೃದ್ಧಿ ಪ್ರಾಧಿಕಾರದ ಕುತುಬ್ ಮೈದಾನದಲ್ಲಿ ಸದಸ್ಯತ್ವವಿಲ್ಲದವರೂ ಶುಲ್ಕ ಕಟ್ಟಿ ಆಡಬಹುದು. ಗಾಲ್ಫ್‌ನ ತವರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನವೂ ಸಾರ್ವಜನಿಕ ಆಸ್ತಿಯೇ. ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟಕ್ಕೆ ಬಿಡುವು. ಊರವರು ಅದರ ಮೇಲೆ ಅಡ್ಡಾಡುತ್ತಾರೆ.

ಹಾಗಾದರೆ ವೈಟ್‌ಫೀಲ್ಡ್‌ನಲ್ಲಿ ಸರ್ಕಾರವೇ ಹೊಸ ಮೈದಾನ ನಿರ್ಮಿಸಬೇಕೆ? ಖಂಡಿತ ಬೇಡ. ಹದಿನೆಂಟು ಕುಳಿಗಳ ಮೈದಾನಕ್ಕೆ ಸಾಮಾನ್ಯವಾಗಿ ನೂರು ಎಕರೆಗೂ ಹೆಚ್ಚು ಭೂಮಿ ಬೇಕು. ಕೈಗಾರಿಕೆಗೆಂದು ರೈತರಿಂದ ಪಡೆದ ನೆಲ ಕೆಲವರ ವಿನೋದಕ್ಕೆ ಸಲ್ಲುವುದು ನ್ಯಾಯವಲ್ಲ. ನೀರಿನ ಲೆಕ್ಕವೂ ಅಷ್ಟೇ ಕಠಿಣ. 2022ರ ಸೆಪ್ಟೆಂಬರಿನಲ್ಲಿ ಮುಳುಗಿದ ಬೆಳ್ಳಂದೂರು ಪ್ರದೇಶದ ಬಡಾವಣೆಗಳೇ 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕುಳಿತವು. ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಗ ಆದೇಶಿಸಬೇಕಾಯಿತು.

ಆದ್ದರಿಂದ ಪ್ರಶ್ನೆ ಹೊಸ ಮೈದಾನದ್ದಲ್ಲ, ಇರುವ ಮೈದಾನಗಳ ಬಾಗಿಲಿನದು. ತಾವಿಲ್ಲದಿದ್ದರೆ ಈ ಹಸಿರೆಲ್ಲ ಕಾಂಕ್ರೀಟಾಗುತ್ತಿತ್ತೆಂಬ ಕ್ಲಬ್‌ಗಳ ವಾದದಲ್ಲಿ ಹುರುಳಿದೆ. ಆದರೆ ಬೇಲಿಯೊಳಗಿನ ಹಸಿರು ಸದಸ್ಯರಿಗಷ್ಟೇ ನೆರಳಾದರೆ, ಅದನ್ನು ಸಾರ್ವಜನಿಕ ಹಿತವೆನ್ನಲಾಗದು. ಪ್ರತಿಭೆ ಸದಸ್ಯತ್ವದ ಪಟ್ಟಿ ನೋಡಿ ಹುಟ್ಟುವುದಿಲ್ಲ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಒಂದು ಕಾಲಕ್ಕೆ ಇತರರ ಚೀಲ ಹೊರುತ್ತಿದ್ದ ಕ್ಯಾಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ನಾಲ್ಕನೆಯವರಾಗಿ ಕೂದಲೆಳೆಯಲ್ಲಿ ಪದಕ ತಪ್ಪಿಸಿಕೊಂಡಾಗ ಇಡೀ ದೇಶವೇ ಬೆಳಗಿನ ಜಾವ ಗಾಲ್ಫ್ ನೋಡಿತು. ಅಂದು ಅದನ್ನು ನೋಡಿದ ಸರ್ಕಾರಿ ಶಾಲೆಯ ಹುಡುಗಿಗೆ ಒಂದು ಕೋಲು ಹಿಡಿದು ನೋಡಲು ಜಾಗವೆಲ್ಲಿದೆ?

ಸರ್ಕಾರಿ ಭೂಮಿಯನ್ನು ಗುತ್ತಿಗೆಗೆ ಪಡೆದ ಯಾವುದೇ ಕ್ಲಬ್‌ಗೆ ನವೀಕರಣದ ವೇಳೆ ಮೂರು ಷರತ್ತು ವಿಧಿಸಬಹುದು: ವಾರಕ್ಕೊಂದು ದಿನ ನಿಗದಿತ ಶುಲ್ಕದಲ್ಲಿ ಎಲ್ಲರಿಗೂ ಆಟ, ಸರ್ಕಾರಿ ಶಾಲೆಯ ಮಕ್ಕಳಿಗೂ ಕ್ಯಾಡಿಗಳ ಮಕ್ಕಳಿಗೂ ಉಚಿತ ತರಬೇತಿ, ಹುಲ್ಲಿಗೆ ಸಂಸ್ಕರಿಸಿದ ನೀರು ಮಾತ್ರ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಲ್ಲೇ ಕೋಲಾರದ ಕೆರೆಗಳನ್ನು ಮುಟ್ಟಿರುವಾಗ ಈ ಕೊನೆಯ ಷರತ್ತು ಅಸಾಧ್ಯವೇನಲ್ಲ. ಕೆರೆಯನ್ನು ಮರಳಿ ತರಲಾಗದು. ಅದರ ನೆಲದ ಮೇಲಿನ ಹಕ್ಕನ್ನಾದರೂ ಊರು ಕೇಳಿ ಪಡೆಯಬೇಕು.