ತಲೆ ಎಣಿಸಿ ಊರು ನಡೆಸುವ ಲೆಕ್ಕ

‘ಊರಲ್ಲಿ ಜನ ಅಷ್ಟೇ ಇದ್ದಾರೆ, ಪುರಸಭೆಯ ಬಜೆಟ್ ಮಾತ್ರ ವರ್ಷ ವರ್ಷವೂ ಉಬ್ಬುತ್ತದೆ.’ ಭಟ್ಕಳ, ಕುಮಟಾಗಳಲ್ಲಿ ಮನೆ ತೆರಿಗೆ ಕಟ್ಟಿ ಬಂದವರ ಬಾಯಲ್ಲಿ ಈ ಮಾತು ಇದ್ದೇ ಇರುತ್ತದೆ. ‘ಜನಸಂಖ್ಯೆ ಏರುತ್ತಿದೆ, ಖರ್ಚೂ ಏರುತ್ತದೆ’ ಎಂಬುದು ಆಡಳಿತದವರ ಸಿದ್ಧ ಉತ್ತರ. ಇಬ್ಬರೂ ಕೈಗೆತ್ತಿಕೊಂಡಿರುವ ಅಳತೆಗೋಲು ಒಂದೇ, ಮತ್ತು ಅದು ಈ ಕರಾವಳಿಗೆ ಹೊಂದುವುದಿಲ್ಲ ಎಂಬುದು ನನ್ನ ವಾದ.

ಮೊದಲು ಆಡಳಿತದವರ ಉತ್ತರ. 2001ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 13.53 ಲಕ್ಷ, 2011ರಲ್ಲಿ 14.37 ಲಕ್ಷ. ಹತ್ತು ವರ್ಷಕ್ಕೆ ಶೇ 6ರಷ್ಟು ಏರಿಕೆ. ಅದೇ ಅವಧಿಯಲ್ಲಿ ಇಡೀ ರಾಜ್ಯದ್ದು ಶೇ 15 ದಾಟಿತ್ತು. ಆ ಹತ್ತು ವರ್ಷದಲ್ಲಿ ಬೆಲೆಗಳು ಇಮ್ಮಡಿಯ ಹತ್ತಿರಕ್ಕೆ ಬಂದಿದ್ದವು. ಸಿಮೆಂಟು, ಡೀಸೆಲ್, ಸಂಬಳ ಯಾವುದೂ ಜನಗಣತಿಯನ್ನು ಕಾಯುತ್ತ ಕೂರಲಿಲ್ಲ. ಅದಾದ ಮೇಲೆ ಗಣತಿಯೇ ನಡೆದಿಲ್ಲ. 2021ರದ್ದು ಮುಂದೂಡಿ ಮುಂದೂಡಿ 2027ಕ್ಕೆ ಬಂದು ನಿಂತಿದೆ. ಜನ ಹೆಚ್ಚಿದ್ದಾರೆ ಎಂದು ವೇದಿಕೆಯ ಮೇಲೆ ಹೇಳುವವರ ಕೈಯಲ್ಲಿ ಇರುವುದು ಅಂದಾಜು ಮಾತ್ರ.

ಹಾಗಾದರೆ ತೆರಿಗೆ ಕಟ್ಟಿದವರ ದೂರೇ ಸರಿಯೇ? ಭಟ್ಕಳದ ಒಂದು ಬೀದಿಯಲ್ಲಿ ನಡೆದು ನೋಡಬೇಕು. ಎರಡಂತಸ್ತಿನ ಮನೆಗಳು, ದೊಡ್ಡ ಗೇಟು, ಗೇಟಿಗೆ ಬೀಗ. ಮನೆಯವರು ದುಬೈಯಲ್ಲೋ ಜೆದ್ದಾದಲ್ಲೋ ಇದ್ದಾರೆ. ಒಳಗೆ ಯಾರಾದರೂ ಇದ್ದರೆ ವಯಸ್ಸಾದ ತಾಯಿ, ಜೊತೆಗೆ ಕೆಲಸದವಳು. ಗಣತಿಯ ಲೆಕ್ಕದಲ್ಲಿ ಇಂಥ ಬೀದಿ ಹೆಚ್ಚುಕಡಿಮೆ ಖಾಲಿ. ಆದರೂ ಪುರಸಭೆ ಅಲ್ಲಿ ಬೀದಿದೀಪ ಉರಿಸಲೇಬೇಕು, ಚರಂಡಿಯ ಹೂಳು ತೆಗೆಸಲೇಬೇಕು, ಕೊನೆಯ ಮನೆಯವರೆಗೂ ನೀರಿನ ಪೈಪು ಎಳೆಯಲೇಬೇಕು. ರಜೆಗೆ ಎಲ್ಲರೂ ಒಟ್ಟಿಗೆ ಬಂದಿಳಿದಾಗ ನೀರು ಸಾಲದೆ ಹೋದರೆ ಬೈಗುಳ ಬೀಳುವುದು ಪುರಸಭೆಗೇ. ಬೀಗ ಹಾಕಿದ ಮನೆಯಿಂದಲೂ ತೆರಿಗೆ ಬರುತ್ತದೆ ನಿಜ. ಆದರೆ ದೊಡ್ಡ ಕಾಮಗಾರಿ ನಿಂತಿರುವುದು ಅನುದಾನದ ಮೇಲೆ, ಅನುದಾನ ಹಂಚುವವರ ಕಣ್ಣಿಗೆ ಕಾಣುವುದು ತಲೆ. ಸ್ಥಳೀಯ ಸಂಸ್ಥೆಗಳ ಹಣವನ್ನು ರಾಜ್ಯಗಳ ನಡುವೆ ಹಂಚುವಾಗ 15ನೇ ಹಣಕಾಸು ಆಯೋಗ ಜನಸಂಖ್ಯೆಗೆ ಶೇ 90ರಷ್ಟು ತೂಕ ಕೊಟ್ಟು, ವಿಸ್ತೀರ್ಣಕ್ಕೆ ಉಳಿದ ಹತ್ತನ್ನು ಬಿಟ್ಟಿತು. ಆ ಜನಸಂಖ್ಯೆಯೂ 2011ರದ್ದು.

ಗೋಕರ್ಣದ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ಪಟ್ಟಿಯಲ್ಲಿರುವ ತಲೆಗಳಿಗಿಂತ ಪಟ್ಟಿಯಲ್ಲಿಲ್ಲದ ತಲೆಗಳೇ ಭಾರ. ಶಿವರಾತ್ರಿಗೆ, ಡಿಸೆಂಬರ್ ಕೊನೆಯ ವಾರಕ್ಕೆ, ಶನಿವಾರ ಭಾನುವಾರದ ಬಸ್ಸುಗಳಿಗೆ ಬರುವವರು ಬಿಟ್ಟುಹೋಗುವ ಬಾಟಲಿ, ಎಲೆ, ಊಟದ ತಟ್ಟೆಗಳನ್ನು ಬೆಳಗಾಗುವುದರೊಳಗೆ ಎತ್ತಬೇಕಾದ್ದು ಸ್ಥಳೀಯ ಪಂಚಾಯತಿ. ಮುರ್ಡೇಶ್ವರದ ಪಾಡೂ ಅದೇ. ಪಟ್ಟಣಗಳಲ್ಲಿ 700 ಜನರಿಗೊಬ್ಬ ಪೌರಕಾರ್ಮಿಕ ಎಂಬ ಮಾನದಂಡವಿದೆ. ಪ್ರವಾಸಿಗರನ್ನು ಆ ಏಳುನೂರರಲ್ಲಿ ಸೇರಿಸುವವರು ಯಾರು? ಮೇಲಿಂದ 2016ರ ಘನತ್ಯಾಜ್ಯ ನಿಯಮ ಬಂದು, ಮನೆ ಮನೆಗೆ ಹೋಗಿ ಕಸ ಬೇರ್ಪಡಿಸಿ ತರಬೇಕೆಂದಿತು. ಜನ ಒಬ್ಬರೂ ಹೆಚ್ಚದಿದ್ದರೂ ಗಾಡಿ, ಚಾಲಕ, ವಿಲೇವಾರಿ ಜಾಗ ಎಲ್ಲವೂ ಹೊಸದಾಗಿ ಬೇಕಾದವು. ಹಿಂದೆ ಕಸ ತೋಟದ ಗುಂಡಿಗೆ ಬೀಳುತ್ತಿತ್ತು. ಈಗ ಅದು ಬಜೆಟ್ಟಿಗೆ ಬೀಳುತ್ತದೆ.

ಇನ್ನು ಘಟ್ಟದ ಬುಡದ ಮಜರೆಗಳು. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ಕೂತ ಮನೆಗಳು. ಇಲ್ಲಿ ತೋಟಕ್ಕೊಂದು ಮನೆ, ನಡುವೆ ಹಳ್ಳ. ಅಡಿಕೆ ದಬ್ಬೆಗಳನ್ನು ಬಳ್ಳಿಯಲ್ಲೋ ತಂತಿಯಲ್ಲೋ ಬಿಗಿದು ಹಾಕಿದ ಸಂಕವೇ ದಾರಿ. ಜೂನಿನಲ್ಲಿ ದಬ್ಬೆ ಪಾಚಿಗಟ್ಟುತ್ತದೆ, ಕೈತಾಂಗಿಗೆ ಒಂದು ಗಳ, ಕೆಳಗೆ ಕೆಂಪು ನೀರು. ಅದರ ಮೇಲೆ ಚೀಲ ಬೆನ್ನಿಗೇರಿಸಿದ ಮಕ್ಕಳು ಒಬ್ಬೊಬ್ಬರಾಗಿ ದಾಟುತ್ತಾರೆ. ಅಲ್ಲೊಂದು ಕಾಂಕ್ರೀಟ್ ಕಾಲುಸಂಕ ಕಟ್ಟಿಸಿ ಖರ್ಚನ್ನು ಐದು ಮನೆಗೆ ಭಾಗಿಸಿ ನೋಡಿದರೆ ದುಂದುವೆಚ್ಚವೆಂದೇ ಕಾಣುತ್ತದೆ. ಶಾಸನ ಮಾಡಿದವರಿಗೆ ಈ ನೆಲದ ಕಷ್ಟ ಗೊತ್ತಿತ್ತು: 1993ರ ಪಂಚಾಯತ್ ರಾಜ್ ಕಾಯ್ದೆ ಬೇರೆಡೆ ಒಂದು ಗ್ರಾಮ ಪಂಚಾಯತಿಗೆ ಐದರಿಂದ ಏಳು ಸಾವಿರ ಜನರೆಂದು ಹೇಳಿ, ಉತ್ತರ ಕನ್ನಡದಂಥ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಸಾಕೆಂದಿತು. ಪಂಚಾಯತಿ ಸ್ಥಾಪಿಸುವಾಗ ಇದ್ದ ಈ ವಿವೇಕ ಅದಕ್ಕೆ ಹಣ ಕೊಡುವಾಗ ಮಾಯವಾಗುತ್ತದೆ. ಮಳೆಗಂತೂ ತಲೆ ಎಣಿಸುವ ಅಭ್ಯಾಸವಿಲ್ಲ. 2022ರ ಆಗಸ್ಟಿನಲ್ಲಿ ಭಟ್ಕಳದಲ್ಲಿ ಒಂದೇ ರಾತ್ರಿಯ ಮಳೆ ಅಂಗಡಿ ಮನೆಗಳಿಗೆ ನುಗ್ಗಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಸತ್ತರು. ಅಂಥ ನೀರನ್ನು ಸಾಗಹಾಕುವ ಚರಂಡಿ ಎಷ್ಟು ಅಗಲ ಇರಬೇಕೆಂಬುದನ್ನು ಮತದಾರರ ಪಟ್ಟಿ ತಿಳಿಸಲಾರದು.

ಇದಕ್ಕೆ ಬರುವ ಒಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ತಲೆಯೆಣಿಕೆ ಒರಟು ಅಳತೆ ಇರಬಹುದು, ಆದರೆ ಸಾಮಾನ್ಯನೂ ಪರೀಕ್ಷಿಸಬಹುದಾದ ಅಳತೆ ಅದೊಂದೇ. ಅದನ್ನು ಬಿಟ್ಟರೆ ಭೂಗೋಳ, ಮಳೆ, ಪ್ರವಾಸಿಗರ ಹೆಸರಿನಲ್ಲಿ ಯಾವ ಬಿಲ್ಲನ್ನಾದರೂ ಪಾಸು ಮಾಡಿಸಬಹುದು ಎನ್ನುತ್ತಾರೆ. ಭಯ ನಿಜ. ಆದರೆ ಬಿಲ್ಲಿನ ಭಯಕ್ಕೆ ತಲೆಯೆಣಿಕೆ ಮದ್ದಲ್ಲ. ಸರಿಯಿರುವ ಪಾದಚಾರಿ ದಾರಿಯನ್ನು ಕಿತ್ತು ಇಂಟರ್‌ಲಾಕ್ ಹಾಕುವುದು, ಊರ ಬಾಗಿಲಿಗೆ ಸ್ವಾಗತ ಕಮಾನು, ಕಮಾನಿನ ಮೇಲೆ ಫೋಟೊ, ಅದರ ಪಕ್ಕದಲ್ಲೊಂದು ಹೈಮಾಸ್ಟ್: ಇವೆಲ್ಲ ಜನಸಂಖ್ಯೆ ಏರಿದ ಊರಲ್ಲೂ ದುಂದು, ಇಳಿದ ಊರಲ್ಲೂ ದುಂದು. ತಲಾ ಖರ್ಚಿನ ಸರಾಸರಿಯೊಳಗೆ ಕಮಾನೂ ಸಂಕವೂ ಕಲಸಿಹೋಗಿ, ಕಮಾನು ಸುಲಭವಾಗಿ ಪಾರಾಗುತ್ತದೆ. ಅದಕ್ಕೇ ‘ಜನಸಂಖ್ಯೆ ಹೆಚ್ಚಳ’ ಎಂಬ ನೆಪ ಅಷ್ಟು ಜನಪ್ರಿಯ. ಅದು ಒಂದೊಂದು ಕೆಲಸದ ಬಗ್ಗೆ ಉತ್ತರ ಕೊಡುವ ಕಷ್ಟವನ್ನು ತಪ್ಪಿಸುತ್ತದೆ.

ಕೇಳಬೇಕಾದ್ದು ಸರಳ. ಏಪ್ರಿಲ್, ಮೇನಲ್ಲಿ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಂತು, ಟ್ಯಾಂಕರಿಗೆ ಎಷ್ಟು ಹೋಯಿತು? ಎಷ್ಟು ಮೀಟರ್ ಚರಂಡಿಯ ಹೂಳು ಮಳೆಗೆ ಮುಂಚೆ ತೆಗೆದಿರಿ? ಒಂದು ಟನ್ ಕಸಕ್ಕೆ ಬಿದ್ದ ಖರ್ಚು ಹೋದ ವರ್ಷಕ್ಕಿಂತ ಏರಿದ್ದು ಯಾಕೆ? ಈ ಅಂಕಿಗಳನ್ನು ಸಾಮಾನ್ಯನೂ ಪರೀಕ್ಷಿಸಬಹುದು, ಯಾಕೆಂದರೆ ನಲ್ಲಿ ಅವನ ಮನೆಯದ್ದು, ಚರಂಡಿ ಅವನ ಗೇಟಿನ ಮುಂದಿನದ್ದು. ಗ್ರಾಮಸಭೆಯಲ್ಲಿ ಇದನ್ನು ಕೇಳುವ ಹಕ್ಕು ಆಗಲೇ ಇದೆ. ಪಟ್ಟಣದವರಿಗೆ ವಾರ್ಡಿನ ಸದಸ್ಯರಿದ್ದಾರೆ. ಮುಂದಿನ ಬಜೆಟ್ ಪುಸ್ತಕದಲ್ಲಿ ಕಾಮಗಾರಿಯ ಹೆಸರಿನ ಪಕ್ಕ ಅದನ್ನು ಬಳಸುವ ಮನೆಗಳು ಯಾವುವು, ಅದಿಲ್ಲದಿದ್ದರೆ ಅವರಿಗೆ ಏನಾಗುತ್ತದೆ ಎಂಬ ಎರಡು ಕಾಲಂ ಸೇರಿಸಲಿ. ಐದು ಮನೆಯ ಸಂಕಕ್ಕೆ ಅವೆರಡನ್ನೂ ತುಂಬಿಸಲು ಗುಮಾಸ್ತರಿಗೆ ಹೊತ್ತು ಹಿಡಿಯದು. ಕಮಾನಿಗೆ ಏನು ಬರೆಯುತ್ತಾರೆಂದು ನೋಡೋಣ.