ಕಾರಣ ಹೇಳದ ಮಂಡಳಿ, ಕದಲದ ಕಡತ

ಸೇನೆಯಲ್ಲಿದ್ದಾಗ ದೇಹಕ್ಕೋ ಮನಸ್ಸಿಗೋ ಊನವಾಗಿ ಹೊರಬರುವ ಸೈನಿಕನಿಗೆ ಸಲ್ಲಬೇಕಾದ ಅಂಗವೈಕಲ್ಯ ಪಿಂಚಣಿಯ ಬಗ್ಗೆ ದೇಶದಲ್ಲಿ ಕೆಲವು ವರ್ಷಗಳಿಂದ ಬಿರುಸಿನ ವಾಗ್ವಾದ ನಡೆದಿದೆ. ಆ ಹಣಕ್ಕೆ ತೆರಿಗೆ ಹಾಕಬಹುದೇ, ಇಲ್ಲದ ಕಾಯಿಲೆ ಹೇಳಿ ಅದನ್ನು ಪಡೆಯುವವರು ಇದ್ದಾರೆಯೇ ಎಂಬ ಪ್ರಶ್ನೆಗಳು ಪತ್ರಿಕೆಗಳಲ್ಲೂ ನ್ಯಾಯಾಲಯಗಳಲ್ಲೂ ಬೇಕಾದಷ್ಟು ಚರ್ಚೆಯಾಗಿವೆ. ಆದರೆ ಅರ್ಜಿ ಸಲ್ಲಿಸಿದವನಿಗೆ ಅದು ಯಾರ ಕೈಯಲ್ಲಿದೆ, ಯಾವ ಹಂತದಲ್ಲಿದೆ, ತಿರಸ್ಕೃತವಾಗಿದ್ದರೆ ಯಾವ ಕಾರಣಕ್ಕೆ ಎಂದು ತಿಳಿಯುವ ಹಕ್ಕು ಇದೆಯೇ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಈ ವಿವಾದದ ಬೇರು ಇರುವುದು ಅಲ್ಲಿಯೇ; ಕಾರಣವನ್ನು ಮರೆಮಾಚುವ ವ್ಯವಸ್ಥೆ ಅರ್ಹನಿಗೂ ಅನ್ಯಾಯ ಮಾಡುತ್ತದೆ, ಅನರ್ಹನನ್ನೂ ಹಿಡಿಯಲಾರದು.

ಈ ಪಿಂಚಣಿಗೆ ಮುಖ್ಯವಾಗಿ ಎರಡು ಷರತ್ತುಗಳಿವೆ. ಊನವು ಸೇನಾ ಸೇವೆಯಿಂದ ಉಂಟಾಗಿರಬೇಕು ಅಥವಾ ಸೇವೆಯಿಂದ ಉಲ್ಬಣಗೊಂಡಿರಬೇಕು. ಅದರ ಪ್ರಮಾಣ ಕನಿಷ್ಠ ಶೇ. 20 ಇರಬೇಕು. ಪಿಂಚಣಿಯಲ್ಲಿ ಸೇವಾ ಭಾಗ ಮತ್ತು ಅಂಗವೈಕಲ್ಯ ಭಾಗ ಎಂದು ಎರಡಿದ್ದು, ಊನವು ಶೇ. 100 ಇದ್ದರೆ ಎರಡನೆಯ ಭಾಗವಾಗಿ ಕೊನೆಯ ವೇತನದ ಶೇ. 30ರಷ್ಟು ಸಿಗುತ್ತದೆ, ಊನ ಕಡಿಮೆಯಾದಂತೆ ಮೊತ್ತವೂ ಇಳಿಯುತ್ತದೆ. ಶೇ. 50ಕ್ಕಿಂತ ಕಡಿಮೆ ಇರುವ ಊನವನ್ನು 50 ಎಂದೇ ಲೆಕ್ಕ ಹಿಡಿಯುವ ಸೌಲಭ್ಯ, ಅಂದರೆ ಪೂರ್ಣಾಂಕಗೊಳಿಸುವ ಪದ್ಧತಿ, ಅವಧಿ ಮುಗಿಸಿ ನಿವೃತ್ತರಾದವರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಕೊನೆಯ ವೇತನ 40,000 ರೂಪಾಯಿ ಇದ್ದವನಿಗೆ ಶೇ. 20ರ ಊನಕ್ಕೆ ತಿಂಗಳಿಗೆ 2,400 ರೂಪಾಯಿ ಬರುತ್ತದೆ, 50ಕ್ಕೆ ಏರಿಸಿದರೆ 6,000 ಬರುತ್ತದೆ. ಹಳ್ಳಿಗೆ ಮರಳಿದ ಹವಾಲ್ದಾರನ ಮನೆಯಲ್ಲಿ ಇದು ಔಷಧಿಯ ಖರ್ಚನ್ನು ತೂಗಿಸುವ ಹಣ.

ಈ ಹಣ ಸಿಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಸೈನಿಕನು ಸಮವಸ್ತ್ರ ಕಳಚುವ ಮೊದಲು ಸೇರುವ ಬಿಡುಗಡೆಯ ವೈದ್ಯಕೀಯ ಮಂಡಳಿಯ ಒಂದು ನಮೂನೆಯಲ್ಲಿ. ಕಾಯಿಲೆ ಸೇರ್ಪಡೆಗೆ ಮೊದಲೇ ಇತ್ತೇ, ಸೇವೆಯಿಂದ ಬಂದದ್ದೇ, ಸೇವೆಯಿಂದ ಹೆಚ್ಚಾದದ್ದೇ, ಪ್ರಮಾಣ ಶೇಕಡಾ ಎಷ್ಟು ಎಂಬ ಪ್ರಶ್ನೆಗಳ ಮುಂದೆ ವೈದ್ಯರು ಉತ್ತರ ತುಂಬುತ್ತಾರೆ. ಸೇವೆಯಿಂದ ಬಂದದ್ದೂ ಅಲ್ಲ, ಹೆಚ್ಚಾದದ್ದೂ ಅಲ್ಲ ಎಂದು ಬರೆದಲ್ಲಿ, ಅದರ ಪಕ್ಕದಲ್ಲಿ ಕಾರಣವನ್ನೂ ಬರೆಯಬೇಕಾದ ಜಾಗವಿದೆ. ಆ ಜಾಗದಲ್ಲಿ ಎಷ್ಟೋ ಸಲ ಇರುವುದು ಇದು ದೇಹಪ್ರಕೃತಿಯಿಂದ ಬಂದ ಕಾಯಿಲೆ ಎಂಬ ಒಂದೇ ಸಾಲು. ಹಿಮದಲ್ಲಿ ಎಷ್ಟು ಕಾಲ ಕಳೆದ, ನಿದ್ದೆಗೆಟ್ಟ ಕಾವಲು ಎಷ್ಟಿತ್ತು, ಕಾಯಿಲೆಯ ಮೊದಲ ಲಕ್ಷಣ ಯಾವ ಠಾಣೆಯಲ್ಲಿ ಕಂಡಿತು ಎಂಬುದನ್ನು ಆ ಸಾಲು ಹೇಳುವುದಿಲ್ಲ.

ಇಂಥ ಸಾಲಿಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂಬುದು 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ನೀಡಿದ ತೀರ್ಪಿನಿಂದ ಸ್ಪಷ್ಟವಾಗಿದೆ. 1985ರಲ್ಲಿ ಸಿಗ್ನಲ್ ದಳಕ್ಕೆ ಸೇರಿ, ಅಪಸ್ಮಾರದ ಕಾರಣದಿಂದ 1994ರಲ್ಲಿ ಹೊರಬಿದ್ದ ಈ ಸೈನಿಕನಿಗೆ ಮಂಡಳಿಯ ಅಭಿಪ್ರಾಯವನ್ನೇ ಆಧಾರವಾಗಿಸಿ ಪಿಂಚಣಿ ನಿರಾಕರಿಸಲಾಗಿತ್ತು. ಆ ಅಭಿಪ್ರಾಯಕ್ಕೆ ಮಂಡಳಿ ಯಾವ ಕಾರಣವನ್ನೂ ಕೊಟ್ಟಿರಲಿಲ್ಲ. ಸೇರ್ಪಡೆಯ ವೇಳೆ ದಾಖಲಾಗದ ಕಾಯಿಲೆ ಆಮೇಲೆ ಕಂಡರೆ ಅದು ಸೇವೆಯಿಂದ ಬಂದದ್ದೆಂದು ಭಾವಿಸಬೇಕು, ಸಾಬೀತುಪಡಿಸುವ ಹೊಣೆ ಸೈನಿಕನದಲ್ಲ, ಸಂಶಯದ ಲಾಭ ಅವನಿಗೇ ಸೇರಬೇಕು ಎಂದು 1982ರ ಅರ್ಹತಾ ನಿಯಮಗಳನ್ನು ನ್ಯಾಯಾಲಯ ವ್ಯಾಖ್ಯಾನಿಸಿತು. ಹೊರಬಿದ್ದ ವರ್ಷದಿಂದ ತೀರ್ಪಿನ ವರ್ಷದವರೆಗೆ 19 ವರ್ಷಗಳು ಸಂದಿದ್ದವು. ಕಾರಣವಿಲ್ಲದ ಅಭಿಪ್ರಾಯದ ಮೇಲೆ ಪಿಂಚಣಿ ತಡೆಯಬಾರದು ಎಂದು 2025ರಲ್ಲೂ ಅದೇ ನ್ಯಾಯಾಲಯ ರಾಜುಮೋನ್ ಪ್ರಕರಣದಲ್ಲಿ ಮತ್ತೆ ಹೇಳಬೇಕಾಗಿ ಬಂದಿತೆಂದರೆ, ಮೊದಲ ತೀರ್ಪು ಮಂಡಳಿಗಳ ಮೇಜಿನವರೆಗೆ ಸರಿಯಾಗಿ ತಲುಪಿಲ್ಲವೆಂದೇ ಅರ್ಥ.

ಮಂಡಳಿಯ ನಂತರ ಕಡತವು ದಳದ ದಾಖಲೆ ಕಚೇರಿಗೂ ಪ್ರಯಾಗ್‌ರಾಜ್‌ನ ರಕ್ಷಣಾ ಪಿಂಚಣಿ ಲೆಕ್ಕ ಕಚೇರಿಗೂ ಸಾಗುತ್ತದೆ. ಅದನ್ನು ಬೆನ್ನು ಹತ್ತುವ ಸೈನಿಕನಿಗೆ ಸಿಗುವ ಉತ್ತರ ಸಾಮಾನ್ಯವಾಗಿ ‘ಪರಿಶೀಲನೆಯಲ್ಲಿದೆ’ ಎಂಬುದಷ್ಟೇ. ಸುಮಾರು 30 ಲಕ್ಷ ರಕ್ಷಣಾ ಪಿಂಚಣಿದಾರರನ್ನು ಒಂದೇ ಗಣಕಜಾಲಕ್ಕೆ ತಂದ ‘ಸ್ಪರ್ಶ್’ ವ್ಯವಸ್ಥೆಯಿಂದ ಪಿಂಚಣಿ ಮಂಜೂರಾತಿಯೂ ಪಾವತಿಯೂ ಒಂದೆಡೆ ಸೇರಿದ್ದು ಒಳ್ಳೆಯದೇ, ಆದರೆ ಪಾವತಿಯನ್ನು ಸುಲಭಗೊಳಿಸುವ ಯಂತ್ರ ತಾನಾಗಿಯೇ ಕಾರಣ ಹೇಳುವ ಯಂತ್ರವಾಗುವುದಿಲ್ಲ. ತಿರಸ್ಕೃತನಾದವನು ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು, ಅದೂ ಬಿದ್ದರೆ ಎರಡನೆಯದು, ಆಮೇಲೆ 2007ರ ಕಾಯ್ದೆಯಡಿ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದ ಅರ್ಜಿಗಳು ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿವೆ. ಯಾವ ಕಾರಣಕ್ಕೆ ತಳ್ಳಿಹಾಕಿದರು ಎಂದೇ ಗೊತ್ತಿಲ್ಲದವನು ಯಾವ ಅಂಶವನ್ನು ಹಿಡಿದು ಮೇಲ್ಮನವಿ ಬರೆಯಬೇಕು? ತನ್ನದೇ ದೇಹದ ಕುರಿತ ಕಾಗದಗಳಿಗಾಗಿ ಬೀದರ್‌ನ ಅಥವಾ ಕೊಡಗಿನ ಮಾಜಿ ಸೈನಿಕ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕಾಯುವಂತಾಗುವುದು ಅವನಿಗೆ ಮಾಡುವ ಅವಮಾನ.

ದುರುಪಯೋಗದ ಆತಂಕ ಕಟ್ಟುಕಥೆಯಲ್ಲ. 2015–16ರಿಂದ 2019–20ರವರೆಗೆ ವರ್ಷವರ್ಷ ನಿವೃತ್ತರಾದ ಅಧಿಕಾರಿಗಳಲ್ಲಿ ಶೇ. 36ರಿಂದ 40 ಮಂದಿಗೆ ಈ ಪಿಂಚಣಿ ಸಿಕ್ಕಿದೆ, ಕೆಳದರ್ಜೆಯವರಲ್ಲಿ ಶೇ. 15ರಿಂದ 18 ಮಂದಿಗೆ ಮಾತ್ರ ಎಂದು ಮಹಾಲೇಖಪಾಲರ ವರದಿ ತೋರಿಸಿತು. ಕಾಡುಮೇಡಿನಲ್ಲಿ ಹೆಚ್ಚು ಬೆವರುವವನು ಜವಾನನಾಗಿರುವಾಗ ಈ ಅಂಕಿಗಳು ಪ್ರಶ್ನೆ ಎಬ್ಬಿಸುವುದು ಸಹಜವೇ. ಆದರೆ ಸರ್ಕಾರ ಕಂಡುಕೊಂಡ ಉತ್ತರಗಳು ಒಬ್ಬೊಬ್ಬನ ಪ್ರಕರಣವನ್ನು ತೂಗಿನೋಡುವ ಬದಲು ಎಲ್ಲರ ಮೇಲೂ ಬಿದ್ದವು: 2019ರ ಜೂನ್‌ನಲ್ಲಿ ಅವಧಿ ಮುಗಿಸಿ ನಿವೃತ್ತರಾದವರ ಅಂಗವೈಕಲ್ಯ ಪಿಂಚಣಿಗೆ ತೆರಿಗೆ ವಿನಾಯಿತಿ ಇಲ್ಲವೆಂಬ ಸುತ್ತೋಲೆ, 2023ರ ಸೆಪ್ಟೆಂಬರ್‌ನಲ್ಲಿ ಅರ್ಹತೆಯನ್ನು ಬಿಗಿಗೊಳಿಸಿದ ಹೊಸ ನಿಯಮಗಳು. ಮಂಡಳಿಯು ಪ್ರತಿ ತೀರ್ಮಾನಕ್ಕೂ ಸೇವಾ ವಿವರ ಸಹಿತ ಕಾರಣ ಬರೆದಿದ್ದರೆ, ಕಚೇರಿಯ ಕುರ್ಚಿಯಲ್ಲೇ ಸೇವೆ ಕಳೆದವನ ರಕ್ತದೊತ್ತಡ ಯಾವುದು, ಸಿಯಾಚಿನ್‌ನಿಂದ ಇಳಿದವನದು ಯಾವುದು ಎಂಬುದು ಕಾಗದದ ಮೇಲೇ ಬೇರ್ಪಡುತ್ತಿತ್ತು, ಒಬ್ಬರ ತಪ್ಪಿಗೆ ಮತ್ತೊಬ್ಬರು ದಂಡ ತೆರಬೇಕಾಗುತ್ತಿರಲಿಲ್ಲ.

ನ್ಯಾಯಮಂಡಳಿಯಲ್ಲಿ ಗೆದ್ದವನ ಪಾಡೂ ಸುಲಭದ್ದಲ್ಲ. ಅಂಗವೈಕಲ್ಯ ಪ್ರಕರಣಗಳಲ್ಲಿ ಸರ್ಕಾರ ಹೂಡಿರುವ ಮೇಲ್ಮನವಿಗಳನ್ನು ಹಿಂತೆಗೆದುಕೊಳ್ಳಬೇಕೆಂದು ರಕ್ಷಣಾ ಸಚಿವರಾಗಿದ್ದ ಮನೋಹರ್ ಪರಿಕ್ಕರ್ ನೇಮಿಸಿದ ತಜ್ಞರ ಸಮಿತಿ 2015ರಲ್ಲೇ ಶಿಫಾರಸು ಮಾಡಿತ್ತು. ಹತ್ತು ವರ್ಷಗಳ ನಂತರ, 2025ರಲ್ಲಿ, ದೆಹಲಿ ಹೈಕೋರ್ಟ್ ಸರ್ಕಾರದ ಇಂಥ ಸುಮಾರು 300 ಅರ್ಜಿಗಳನ್ನು ಒಟ್ಟಾಗಿ ವಜಾ ಮಾಡಬೇಕಾಯಿತು. ಮಂಡಳಿಯ ವರದಿಯ ಪ್ರತಿಯನ್ನು ಕಾರಣಗಳ ಸಹಿತ ಬಿಡುಗಡೆಯ ದಿನವೇ ಸೈನಿಕನ ಕೈಗಿಡುವುದು, ಕಡತ ಯಾವ ಕಚೇರಿಯಲ್ಲಿ ಯಾವ ದಿನಾಂಕದಿಂದ ಇದೆ ಎಂಬುದನ್ನು ಅವನ ಭಾಷೆಯಲ್ಲೇ ತೋರಿಸುವುದು, ಪ್ರತಿ ಹಂತಕ್ಕೂ ಗಡುವು ವಿಧಿಸಿ ಅದು ಮೀರಿದರೆ ಬಡ್ಡಿ ಸಹಿತ ಪಾವತಿಸುವುದು, ಇವಕ್ಕೆ ಹೊಸ ಕಾಯ್ದೆ ಬೇಕಿಲ್ಲ, ರಕ್ಷಣಾ ಸಚಿವಾಲಯದ ಒಂದು ಆದೇಶ ಸಾಕು. ಗೆದ್ದ ಸೈನಿಕನ ವಿರುದ್ಧ ಮತ್ತೆ ಮೇಲ್ಮನವಿ ಹೂಡಲು ಅನುಮತಿ ಕೊಟ್ಟ ಅಧಿಕಾರಿ ಯಾರು, ಯಾವ ಕಾನೂನು ಪ್ರಶ್ನೆ ಉಳಿದಿದೆ ಎಂದು ಕೊಟ್ಟರು ಎಂಬುದನ್ನೂ ಅದೇ ಆದೇಶದಲ್ಲಿ ಬಹಿರಂಗಪಡಿಸುವಂತೆ ಸಂಸತ್ತು ಸಚಿವರನ್ನು ಒತ್ತಾಯಿಸಬೇಕು.