ಧನಿಕರಿಗೆ ಬೆಣ್ಣೆ, ಬಡವರ ರಕ್ತಕ್ಕೆ ಸುಣ್ಣ

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ನಮ್ಮ ಜನ ಆಳುವವರನ್ನು ನೋಡಿಯೇ ಹೇಳುತ್ತಾರೆ. ಈಗ ಹೇಳಹೊರಟಿರುವ ಸುಣ್ಣ ಕಣ್ಣಿಗೆ ಬೀಳುವುದಲ್ಲ, ರಕ್ತದಲ್ಲಿಯೇ ಏರುವುದು.

ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡ ತಾಯಂದಿರು, ಹೆಣ್ಣಾಗಿ ಬಾಳಬಯಸುವ ಮಂಗಳಮುಖಿಯರು, ಅಂದ ಬಯಸುವವರು ಮೈಯೊಳಗೆ ಸಿಲಿಕೋನ್ ಇರಿಸಿಕೊಳ್ಳುತ್ತಾರೆ. ಕೆಲವರು ದ್ರವ ಸಿಲಿಕೋನನ್ನು ಸೂಜಿಯಿಂದ ಚುಚ್ಚಿಸಿಕೊಳ್ಳುತ್ತಾರೆ. ಅಪರೂಪಕ್ಕೆ, ಎಷ್ಟೋ ವರ್ಷಗಳ ನಂತರ, ಆ ವಸ್ತುವಿನ ಸುತ್ತ ರಕ್ಷಕ ಕಣಗಳು ಗಂಟು ಕಟ್ಟುತ್ತವೆ. ಆ ಗಂಟುಗಳು ದೇಹದ ಅಂಕೆಗೆ ಒಳಪಡದೆ ವಿಟಮಿನ್ ಡಿಯನ್ನು ಚುರುಕುಗೊಳಿಸುತ್ತವೆ. ಕರುಳು ಮಿತಿಮೀರಿ ಕ್ಯಾಲ್ಸಿಯಂ ಹೀರುತ್ತದೆ. ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ನಿತ್ರಾಣ, ಮಂಕು, ಮೂತ್ರದ ಕಲ್ಲು, ಕಡೆಗೆ ಮೂತ್ರಪಿಂಡಕ್ಕೇ ಕುತ್ತು. ವೈದ್ಯಲೋಕ ಇದನ್ನು 1984ರಲ್ಲಿಯೇ ವರದಿ ಮಾಡಿದೆ.

ಅಪರೂಪವೆಂಬುದು ನಿಜ. ಅಪರೂಪವಾದ ಮಾತ್ರಕ್ಕೆ ಅನಾಥವಾಗಬೇಕೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಜನರಿಗೆ ಕೊಳವೆಬಾವಿಯ ಫ್ಲೋರೈಡ್ ಹೊಸದಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿ ಇದೆ. ಮಿತಿ ಮೀರಿದ ನೀರು ಮೂಳೆ, ಹಲ್ಲುಗಳನ್ನು ತಿಂದಿದೆ. ಆದುದರಿಂದ ಮೈಕೈ ನೋವೆಂದವರಿಗೆಲ್ಲ 'ನೀರಿನ ದೋಷ' ಎಂದು ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ ಕೊಟ್ಟು ಕಳಿಸುವುದು ಸುಲಭ. ಹಲವರಿಗೆ ಅದು ಗುಣವೇ ಮಾಡೀತು. ಆದರೆ ಸಿಲಿಕೋನಿನ ಗಂಟು ಹೊತ್ತು, ರಕ್ತದಲ್ಲಿ ಸುಣ್ಣ ಏರಿ ಬಳಲುತ್ತಿರುವವಳಿಗೆ ಅದು ಉರಿಯುವ ಬೆಂಕಿಗೆ ಎಣ್ಣೆ!

ಸೀರಂ ಕ್ಯಾಲ್ಸಿಯಂ ಪರೀಕ್ಷೆ ಸಾಮಾನ್ಯ ರಕ್ತಪರೀಕ್ಷೆ. ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಸುಮಾರಾದ ಮಟ್ಟ. ಏರಿದ್ದರೆ 'ಮೈಯಲ್ಲಿ ಸಿಲಿಕೋನ್ ಇದೆಯೆ?' ಎಂಬ ಒಂದು ಪ್ರಶ್ನೆ ಸಾಕು, ದಾರಿ ಕಾಣುತ್ತದೆ. ಸಲೈನ್, ಸ್ಟೀರಾಯ್ಡ್, ಸಾಧ್ಯವಿದ್ದಲ್ಲಿ ಶಸ್ತ್ರಕ್ರಿಯೆ, ಇವು ಚಿಕಿತ್ಸೆ. ಚುಚ್ಚಿದ ದ್ರವ ಮಾಂಸದಲ್ಲಿ ಹರಡಿದರೆ ಪೂರ್ತಿ ತೆಗೆಯುವುದು ಬಹಳ ಕಷ್ಟ. ಆದರೆ ಬಾಗಿಲಲ್ಲಿಯೇ ನಗೆಪಾಟಲಾಗುವ ಮಂಗಳಮುಖಿ ಆ ಪ್ರಶ್ನೆಗೆ ಹೇಗೆ ತಾನೆ ಬಾಯಿಬಿಟ್ಟಾಳು?

ವ್ಯಾಪಾರಿಗಳ ಧರ್ಮವನ್ನೂ ನೋಡಿರಿ. ಫ್ರಾನ್ಸಿನ ಪಿ.ಐ.ಪಿ. ಕಂಪನಿ ಕಾರ್ಖಾನೆಯ ಬಳಕೆಯ ಅಗ್ಗದ ಸಿಲಿಕೋನನ್ನು ಸ್ತನಗಳಲ್ಲಿ ತುಂಬಿ ದೇಶದೇಶಗಳಿಗೆ ಮಾರಿದ್ದು 2010ರಲ್ಲಿ ಬಯಲಾಯಿತು. 2013ರಲ್ಲಿ ಸ್ಥಾಪಕ ಜಾನ್ ಕ್ಲೋಡ್ ಮಾಸ್‌ಗೆ ನಾಲ್ಕು ವರ್ಷ ಸಜೆಯಾಯಿತು. ಮೈ ತಿದ್ದಲು ಸಿಲಿಕೋನ್ ಚುಚ್ಚಿಸಿಕೊಳ್ಳಬೇಡಿರೆಂದು ಅಮೆರಿಕದ ಔಷಧ ಇಲಾಖೆ 2017ರಲ್ಲಿ ಎಚ್ಚರಿಸಿತು. ಬಡವರು ಆ ಸೂಜಿಗೆ ಮೈಯೊಡ್ಡುವುದು ಮೋಜಿಗಲ್ಲ; ಸರ್ಕಾರಿ ಆಸ್ಪತ್ರೆಯ ಬಾಗಿಲು ಮುಚ್ಚಿದಾಗ ಕಳ್ಳಬಾಗಿಲು ತೆರೆಯುತ್ತದೆ. ಲಿಂಗಾಂತರಿಗಳ ಶಸ್ತ್ರಕ್ರಿಯೆಗೂ ಆರೋಗ್ಯಕ್ಕೂ ಏರ್ಪಾಡು ಮಾಡುವುದು ಸರ್ಕಾರದ ಕರ್ತವ್ಯವೆಂದು 2019ರಲ್ಲಿ ಪಾರ್ಲಿಮೆಂಟು ಶಾಸನ ಮಾಡಿತು. ಕಾಗದದ ಶಾಸನ ಕಾಯಿಲೆಗೆ ಮದ್ದೆ?

ನಮ್ಮ ಒತ್ತಾಯ ಮೂರೇ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಕ್ಯಾಲ್ಸಿಯಂ ಪರೀಕ್ಷೆ ಯಾವ ದಿನವೂ ತಪ್ಪದೆ, ಪುಕ್ಕಟೆಯಾಗಿ ಸಿಗಲಿ. ಸಿಲಿಕೋನ್ ಇರಿಸುವ ಪ್ರತಿಯೊಬ್ಬ ವೈದ್ಯನೂ ವಸ್ತುವಿನ ಹೆಸರು, ನಂಬರು, ತಾರೀಖು ಬರೆದ ಕನ್ನಡದ ಚೀಟಿ ಕೊಡಲಿ, ರಾಜ್ಯವು ಅದರ ದಾಖಲೆ ಇಡಲಿ. ವೈದ್ಯಕೀಯ ಸಾಧನಗಳ ಕೆಡುಕನ್ನು ವರದಿ ಮಾಡಲು 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಗೆ ತಾಲ್ಲೂಕು ವೈದ್ಯರೂ ಬರೆಯಲಿ.

ಇದೇನು ಚಂದ್ರಲೋಕವನ್ನು ಕೇಳಿದಂತಾಯಿತೆ? ಕೇಳಿದ್ದು ಒಂದು ತೊಟ್ಟು ರಕ್ತದ ಲೆಕ್ಕ. ಅಪರೂಪದ ರೋಗಿಯೂ ಪ್ರಜೆಯೇ. ಅವಳ ಓಟನ್ನು ಎಣಿಸುವವರು ಅವಳ ನೋವನ್ನೂ ಎಣಿಸಲಿ.